ಆಘಾತವಂತೂ ಸುಳ್ಳಲ್ಲ

‘ಹೃದಯದ ಸುಳ್ಳು ಸಂಕೇತಗಳ ಪತ್ತೆ’ ನನ್ನ ಪಿಎಚ್‌ಡಿ ವಿಷಯ ಎಂದರೆ ಸಾಕು, ಸಾಹಿತ್ಯದ ಗೆಳೆಯರು ಪ್ರೇಮಕವಿತೆಯ ಕಡೆ ಹೊರಳುತ್ತಾರೆ. ನಾನು ಹೇಳುತ್ತಿರುವುದು ಕೊರಳೆಲುಬಿನ ಕೆಳಗೆ, ಚರ್ಮದಡಿ ಕೂರಿಸುವ ಡಿಫಿಬ್ರಿಲೇಟರ್ ಬಗ್ಗೆ. ಅದರ ತಂತಿ ಹೃದಯದೊಳಗಿಳಿದು ಬಡಿತವನ್ನು ಆಲಿಸುತ್ತಿರುತ್ತದೆ. ಬಡಿತ ಮಾರಕವಾಗಿ ಹದ ತಪ್ಪಿತೆಂದರೆ ಸುಮಾರು 700 ವೋಲ್ಟ್ ಆಘಾತ. ಅನುಭವಿಸಿದವರು ಎದೆಗೆ ಕುದುರೆ ಒದ್ದಂತೆ ಎನ್ನುತ್ತಾರೆ. 1980ರಲ್ಲಿ ಮಿಶೆಲ್ ಮಿರೋವ್‌ಸ್ಕಿಯ ತಂಡ ಮೊದಲ ಬಾರಿ ಮನುಷ್ಯರಿಗೆ ಅಳವಡಿಸಿದಾಗಿನಿಂದ ಅದು ಉಳಿಸಿದ ಜೀವಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಒಂದು ಪದದ್ದು. ಅಪಾಯವಿಲ್ಲದಾಗ ಯಂತ್ರ ಹೊಡೆದರೆ ನಮ್ಮ ಶಾಸ್ತ್ರ ಅದನ್ನು ‘ಅನುಚಿತ ಆಘಾತ’ ಎನ್ನುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನ ಹಾಗೆ! ಮ್ಯಾಡಿಟ್-2 ಅಧ್ಯಯನದಲ್ಲಿ ಸಾಧನ ಹಾಕಿಸಿಕೊಂಡವರ ಪೈಕಿ ಶೇ. 11.5 ಮಂದಿಗೆ ಇಂಥ ಪೆಟ್ಟು ಬಿದ್ದಿತ್ತು. ಕೇಳಿದರೆ ಸಿದ್ಧ ಉತ್ತರ: ಒಂದು ಸಾವು ಕಣ್ತಪ್ಪುವುದಕ್ಕಿಂತ ನಾಲ್ಕು ಸುಳ್ಳು ಪೆಟ್ಟು ವಾಸಿ. ನಮ್ಮ ಲ್ಯಾಬಿನಲ್ಲೂ ಇದೇ ಮಂತ್ರ.

ಸ್ಪ್ರಿಂಟ್ ಫಿಡೆಲಿಸ್ ಕತೆ ಈ ಮಂತ್ರದ ಬಣ್ಣ ಬಯಲು ಮಾಡುತ್ತದೆ. ಮೆಡ್‌ಟ್ರಾನಿಕ್ ಕಂಪನಿಯ ಈ ತೆಳು ತಂತಿಗಳು ಜಗತ್ತಿನಾದ್ಯಂತ ಸುಮಾರು 2,68,000 ಎದೆಗಳನ್ನು ಸೇರಿದ್ದವು. ಅವು ಒಳಗೇ ಮುರಿಯುತ್ತಿವೆ ಎಂದು ಮಿನಿಯಾಪೊಲಿಸ್‌ನ ವೈದ್ಯ ರಾಬರ್ಟ್ ಹೌಸರ್ ಮತ್ತು ಸಂಗಡಿಗರು ಎಚ್ಚರಿಸಿದರು. 2007ರ ಅಕ್ಟೋಬರಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಮುರಿದ ತುದಿಗಳು ಉಜ್ಜಿದಾಗ ಹುಟ್ಟುವ ವಿದ್ಯುತ್ ಗದ್ದಲವನ್ನು ಯಂತ್ರ ಬಡಿತವೆಂದೇ ಎಣಿಸುತ್ತಿತ್ತು. ಆರಾಮಾಗಿ ಕೂತಿದ್ದ, ಪೂರ್ತಿ ಎಚ್ಚರವಿದ್ದ ಮನುಷ್ಯನಿಗೆ ಒಂದರ ಮೇಲೊಂದು ಪೆಟ್ಟು.

ಆದರೆ ಆ ಗದ್ದಲ ತನ್ನ ಗುರುತು ಹೊತ್ತೇ ಬರುತ್ತದೆ. ಎರಡು ‘ಬಡಿತ’ಗಳ ನಡುವೆ ಎಷ್ಟೋ ಸಲ 130 ಮಿಲಿಸೆಕೆಂಡೂ ಇರುವುದಿಲ್ಲ, ಅಂದರೆ ನಿಮಿಷಕ್ಕೆ 460ರ ಮೇಲೆ. ಸಾಯುತ್ತಿರುವ ಹೃದಯವೂ ಆ ವೇಗಕ್ಕೆ ಹೋಗುವುದಿಲ್ಲ. ಇಂಥ ಅಸಾಧ್ಯ ಅಂತರಗಳನ್ನು ಯಂತ್ರ ಲೆಕ್ಕವಿಟ್ಟೂ ಇತ್ತು, ವೈದ್ಯರು ಮುಂದಿನ ಭೇಟಿಯಲ್ಲಿ ನೋಡಿಕೊಳ್ಳಲಿ ಎಂದು! ಹೊಡೆಯುವ ಮುಂಚೆ ತಾನೇ ನೋಡಿಕೋ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. 2008ರಲ್ಲಿ ಆ ಲೆಕ್ಕವನ್ನೂ ತಂತಿಯ ವಿದ್ಯುತ್ ರೋಧವನ್ನೂ ಗಮನಿಸಿ ಮುಂಚೆಯೇ ಎಚ್ಚರಿಸುವ, ಹೊಡೆಯುವ ಮುನ್ನ ಇನ್ನಷ್ಟು ಬಡಿತ ಎಣಿಸುವ ತಂತ್ರಾಂಶ ಬಂತು. ಎದೆ ಕೊಯ್ಯದೆ ಹೊರಗಿನಿಂದಲೇ ತುಂಬಬಹುದಿತ್ತು. ಎಲ್ಲ ಪೆಟ್ಟುಗಳನ್ನೂ ಅದು ತಪ್ಪಿಸಲಿಲ್ಲ, ನಿಜ. ಆದರೆ ತಪ್ಪಿಸಿದ್ದಕ್ಕೆ ಯಾವ ಸಾವನ್ನು ಬೆಲೆಯಾಗಿ ತೆರಬೇಕಿತ್ತು? ಬೇಕಿದ್ದುದು ಪೆಟ್ಟನ್ನೂ ಸೋಲೆಂದು ಎಣಿಸುವ ಮನಸ್ಸು ಮಾತ್ರ.

ಕಳೆದ ತಿಂಗಳು ನನ್ನ ಪ್ರಬಂಧದ ಕೋಷ್ಟಕವೊಂದರಲ್ಲಿ ‘ಸುಳ್ಳು ಪತ್ತೆ’ ಎಂಬ ತಲೆಬರಹ ಹೊಡೆದುಹಾಕಿ ‘ವಿನಾಕಾರಣ ಹೊಡೆದ ಆಘಾತ’ ಎಂದು ಬರೆದೆ. ಭಾಷೆ ತೀರಾ ಭಾವುಕವಾಯಿತು ಎಂಬ ಷರಾ ಬಂದಿದೆ. ನಾನಿನ್ನೂ ಬದಲಿಸಿಲ್ಲ.