ಸಣ್ಣವನ ಲೆಕ್ಕ ಬಯಲಿಗೆ, ದೊಡ್ಡವನ ಲೆಕ್ಕ ಒಳಗೆ

ವೇಣೂರಿನ ಗೊಮ್ಮಟ 1604ರಿಂದ ಫಲ್ಗುಣಿ ನದಿಯ ಬದಿಯಲ್ಲಿ ನಿಂತಿದ್ದಾನೆ. ತಿಮ್ಮಣ್ಣ ಅಜಿಲರು ನಿಲ್ಲಿಸಿದ ಆ 35 ಅಡಿಯ ಮೂರ್ತಿ ತನಗೆಂದು ಏನನ್ನೂ ಇಟ್ಟುಕೊಂಡಿಲ್ಲ. ಏನನ್ನೂ ಇಟ್ಟುಕೊಳ್ಳದವನಿಗೆ ಯಾವ ಇಲಾಖೆಯ ನೋಟೀಸೂ ಬಾರದು. ಆತನನ್ನು ನೋಡಬಂದವರಿಗೆ ಎಳನೀರು ಕೆತ್ತಿಕೊಡುವವನ ಸ್ಥಿತಿ ಹಾಗಲ್ಲ. ಅವನ ಗಾಡಿಯ ಮುಂದೆ ಇಂದು ಒಂದು ಚೌಕದ ಚೀಟಿ ತೂಗುತ್ತದೆ. ಜನ ಅದಕ್ಕೆ ಸ್ಕ್ಯಾನರ್ ಎನ್ನುತ್ತಾರೆ. ಮೊಬೈಲು ತೋರಿಸಿದರೆ ಹಣ ಬಂತೆಂದು ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಆ ಕೂಗು ಗಾಡಿಯವನ ಕಿವಿಗೆ ಮಾತ್ರ ಬೀಳುತ್ತದೆಂದು ಬಹಳ ದಿನ ಎಲ್ಲರೂ ನಂಬಿದ್ದರು. ಅದು ಬೆಂಗಳೂರಿನ ತೆರಿಗೆ ಕಚೇರಿಗೂ ಕೇಳಿಸುತ್ತದೆಂಬುದು ತಿಳಿದದ್ದು 2025ರ ಜುಲೈಯಲ್ಲಿ.

ನಾವು ಯಂತ್ರದ್ವೇಷಿಗಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ. 2016ರಲ್ಲಿ ಆರಂಭವಾದ ಈ ಯುಪಿಐ ಏರ್ಪಾಡು ನಮ್ಮ ದೇಶದ ತಂತ್ರಜ್ಞರು ಮಾಡಿದ ಜಾಣತನದ ಕೆಲಸಗಳಲ್ಲಿ ಒಂದು. ಅದರ ಒಳಗುಟ್ಟು ಸರಳ. ಗಿರಾಕಿಯ ಮೊಬೈಲು ಅವನ ಬ್ಯಾಂಕಿಗೆ ಅಪ್ಪಣೆ ಕೊಡುತ್ತದೆ; ಬ್ಯಾಂಕುಗಳೇ ಸೇರಿ ಕಟ್ಟಿದ ರಾಷ್ಟ್ರೀಯ ಪಾವತಿ ನಿಗಮದ ಯಂತ್ರ ಆ ಅಪ್ಪಣೆಯನ್ನು ಅಂಗಡಿಯವನ ಬ್ಯಾಂಕಿಗೆ ದಾಟಿಸುತ್ತದೆ; ಒಂದು ಖಾತೆಯಲ್ಲಿ ಕಳೆದು ಇನ್ನೊಂದರಲ್ಲಿ ಕೂಡಿಸಲಾಗುತ್ತದೆ. ಚೀಟಿಯಲ್ಲಿರುವುದು ಅಂಗಡಿಯವನ ವಿಳಾಸ, ಅಷ್ಟೆ. ನಡುವೆ ನಿಂತ ಫೋನ್‌ಪೇಯಾಗಲಿ ಗೂಗಲ್ ಪೇಯಾಗಲಿ ಹಣದ ಧಣಿಯಲ್ಲ, ಬಾಗಿಲು. ಯಾವ ಬಾಗಿಲಿಂದ ಹೊಕ್ಕರೂ ಯಾವ ಚೀಟಿಗಾದರೂ ಹಣ ಹೋಗುತ್ತದೆ. ಐದು ರೂಪಾಯಿಯ ಚಹಾಕ್ಕೂ ಐನೂರರ ನೋಟು ಹಿಡಿದು ಬರುವವರ ಕಾಟದಿಂದ ಬಿಡುಗಡೆ ದೊರೆತದ್ದಕ್ಕೆ ಯಾವ ಗೂಡಂಗಡಿಯವನೂ ಕೃತಜ್ಞನಾಗಿರಬೇಕು. ನಾವೂ ಕೃತಜ್ಞರೇ. ಒಳ್ಳೆಯ ಯಂತ್ರವೊಂದು ಯಾರ ಕೈಗೆ ಬಿತ್ತು, ಕಾಯಿದೆ ಯಾರ ಮೇಲೆ ಕಣ್ಣು ಬಿಟ್ಟಿತು, ಯಾರ ಮುಂದೆ ಕಣ್ಣು ಮುಚ್ಚಿತು ಎಂಬುದು ನಮ್ಮ ತಕರಾರು.

ಜುಲೈಯಲ್ಲಿ ಆದದ್ದು ಇಷ್ಟು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಯಾವ ಅಂಗಡಿಗೆ ಮೊಬೈಲಿನ ಮೂಲಕ ಎಷ್ಟು ಹಣ ಬಂತೆಂಬ ಲೆಕ್ಕವನ್ನು ಹಣ ದಾಟಿಸುವ ಕಂಪೆನಿಗಳಿಂದ ತರಿಸಿಕೊಂಡಿತು. ವರ್ಷಕ್ಕೆ 40 ಲಕ್ಷದ ಗೆರೆ ದಾಟಿದವರಿಗೆ ನೋಟೀಸು ಹೊರಟಿತು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ಹಾಲು ಮಾರುವವರು, ತರಕಾರಿಯವರು ಹೀಗೆ ಸಾವಿರಾರು ಮಂದಿಗೆ. ತರಕಾರಿ ಮಾರುವವರೊಬ್ಬರಿಗೆ ನಾಲ್ಕು ವರ್ಷದ್ದು ಸೇರಿಸಿ 29 ಲಕ್ಷ ರೂಪಾಯಿಯ ಲೆಕ್ಕ ಬಂತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲವೆಂಬುದನ್ನು ಇಲಾಖೆಯ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

40 ಲಕ್ಷವೆಂದರೆ ಕೇಳುವವರಿಗೆ ದೊಡ್ಡ ಮೊತ್ತ. ನಮ್ಮ ವಾಚಕರಲ್ಲಿ ಅಂಗಡಿಯಿಟ್ಟವರು ಗುಣಿಸಿ ನೋಡಲಿ. ದಿನಕ್ಕೆ ಹನ್ನೊಂದು ಸಾವಿರ ರೂಪಾಯಿಯ ವ್ಯಾಪಾರವಾದರೆ ವರ್ಷದ ಕೊನೆಗೆ ಆ ಗೆರೆ ಮುಟ್ಟುತ್ತದೆ. ರೂಪಾಯಿಗೆ ಐದು ಪೈಸೆ ಉಳಿಯಿತೆಂದು ಹಿಡಿದರೆ ವರ್ಷಕ್ಕೆ ಎರಡು ಲಕ್ಷ, ತಿಂಗಳಿಗೆ ಹದಿನಾರು ಹದಿನೇಳು ಸಾವಿರ. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟು, ಮಕ್ಕಳ ಶಾಲೆ, ಮನೆಯ ಅಕ್ಕಿ. ಹಾಲು, ಸಿಗರೇಟು, ಮೊಬೈಲು ರೀಚಾರ್ಜು ಮುಂತಾದವು ಬರಿಯ ಕೈ ಬದಲಾಯಿಸುವ ವ್ಯಾಪಾರ. ಹಣ ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತದೆ. ಯಂತ್ರ ಬಂದದ್ದನ್ನು ಮಾತ್ರ ಎಣಿಸುತ್ತದೆ.

ಅದೂ ಏನೆಂದು ಕೇಳದೆ ಎಣಿಸುತ್ತದೆ. ಒಂದೇ ಡೈರಿಯಿಂದ ಬಂದ ಹಾಲಿನ ಪೊಟ್ಟಣಕ್ಕೆ ತೆರಿಗೆಯಿಲ್ಲ. ಪೊಟ್ಟಣದ ಮೊಸರಿಗೆ 2022ರ ಜುಲೈಯಿಂದ ತೆರಿಗೆ ಬಿತ್ತು. ಗಿರಾಕಿ ಎರಡನ್ನೂ ಕೊಂಡು ಒಟ್ಟು ಹಣ ಮೊಬೈಲಿನಲ್ಲಿ ಹಾಕಿ ಹೋಗುತ್ತಾನೆ. ಭಾವ ಕೊಟ್ಟ ಕೈಸಾಲ ಅದೇ ಖಾತೆಗೆ ಬರುತ್ತದೆ. ಚಿಟ್‌ಫಂಡಿನ ಹಣ ಬರುತ್ತದೆ. ಬೊಂಬಾಯಿಯಲ್ಲಿ ಹೋಟೆಲು ಕೆಲಸಕ್ಕಿರುವ ಮಗ ತಾಯಿಯ ಮದ್ದಿಗೆ ಕಳುಹಿಸಿದ್ದೂ ಅಲ್ಲಿಗೇ ಬರುತ್ತದೆ. ಬಂದದ್ದೆಲ್ಲ ವ್ಯಾಪಾರ, ವ್ಯಾಪಾರವೆಲ್ಲ ತೆರಿಗೆಗೆ ಬಾಧ್ಯ ಎಂದು ಊಹಿಸಿ, ಅಲ್ಲವೆಂದು ತೋರಿಸುವ ಹೊರೆಯನ್ನು ಅಂಗಡಿಯವನ ತಲೆಗೆ ಕಟ್ಟುವುದು ಯಾವ ನ್ಯಾಯ? ನಾಲ್ಕು ವರ್ಷದ ಹಿಂದಿನ ಸೌತೆಕಾಯಿಯ ರಶೀದಿಯನ್ನು ಅವನು ಎಲ್ಲಿಂದ ತಂದಾನು?

ತೆರಿಗೆ ಬೇಡವೆಂದು ನಾವು ಹೇಳುವುದಿಲ್ಲ. ಶಾಲೆಗೆ, ಆಸ್ಪತ್ರೆಗೆ, ರಸ್ತೆಗೆ ಹಣ ಬೇಕೆಂದು ಈ ಪುಟಗಳಲ್ಲಿ ಕೂಗುವ ನಾವು ಹಾಗೆಂದರೆ ನಗೆಪಾಟಲು. ಒಂದೂವರೆ ಕೋಟಿಯ ವರೆಗಿನ ವ್ಯಾಪಾರಿಗೆ ನೂರಕ್ಕೆ ಒಂದರಂತೆ ಕೊಟ್ಟು ಮುಗಿಸುವ ರಾಜಿ ತೆರಿಗೆಯ ದಾರಿ ಕಾಯಿದೆಯಲ್ಲೇ ಉಂಟು. ಆದರೆ ಅದನ್ನು ನೋಟೀಸಿಗೆ ಮುಂಚೆ ಪೇಟೆಗೆ ಬಂದು ತಿಳಿಸಿದವರು ಎಷ್ಟು ಮಂದಿ? 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಮೊಬೈಲಿನಲ್ಲೇ ವ್ಯಾಪಾರ ಮಾಡಿ ಎಂದು ಕೈ ಹಿಡಿದು ಎಳೆದವರು ಸರಕಾರದವರು. ಎಳೆಸಿಕೊಂಡು ಬಂದವನ ಕುತ್ತಿಗೆಗೆ ಒಂಬತ್ತು ವರ್ಷದ ಬಳಿಕ ಕೈ ಹಾಕಿದವರೂ ಅವರೇ. ಕೇಂದ್ರದವರು ಇದು ರಾಜ್ಯದ್ದೆಂದರು, ರಾಜ್ಯದವರು ಕೇಂದ್ರದ್ದೆಂದರು. ಊರಲ್ಲೇ ಕೊಂಡು ಊರಲ್ಲೇ ಮಾರಿದ ಸರಕಿನ ತೆರಿಗೆಯಲ್ಲಿ ರೂಪಾಯಿಗೆ ಎಂಟಾಣೆ ಅವರದು, ಎಂಟಾಣೆ ಇವರದು. ಬೈಗಳು ಮಾತ್ರ ಇಡೀ ರೂಪಾಯಿ ಎದುರಿನವನದು!

ವ್ಯಾಪಾರಿಗಳು ಸುಮ್ಮನಿರಲಿಲ್ಲ. ಅಂಗಡಿಗಳ ಮುಂದೆ ಚೀಟಿ ಕಿತ್ತು 'ನಗದು ಮಾತ್ರ' ಎಂಬ ಹಲಗೆ ತೂಗಿದವು. ಕಪ್ಪು ಪಟ್ಟಿ ಕಟ್ಟಿ ವ್ಯಾಪಾರ ಮಾಡಿದರು, ಜುಲೈ 25ಕ್ಕೆ ಬಂದ್ ಎಂದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರನ್ನು ಕರೆಸಿ, ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಹಾಲು ತರಕಾರಿಯಂಥ ತೆರಿಗೆಯಿಲ್ಲದ ಸರಕಿನವರ ನೋಟೀಸು ನಿಲ್ಲುತ್ತದೆ ಎಂದು ಮಾತು ಕೊಟ್ಟರು. ಒಗ್ಗಟ್ಟಿಗೆ ಬಂದ ಫಲ ಅದು. ಯಾರ ದಯೆಯೂ ಅಲ್ಲ. ಆದರೆ ಮಾತು ಮಾತಷ್ಟೆ, ಕಾಯಿದೆಯಲ್ಲ. ಯಂತ್ರದ ಲೆಕ್ಕವೊಂದನ್ನೇ ಸಾಕ್ಷಿಯಾಗಿ ಹಿಡಿದು ಸಣ್ಣವನನ್ನು ಕಟಕಟೆಗೆ ತರಕೂಡದೆಂಬ ನಿಯಮ ಅಂದು ಹುಟ್ಟಲಿಲ್ಲ.

ಈಗ ಬಾಗಿಲಿನವರ ಕಡೆಗೆ ತಿರುಗೋಣ. ದೇಶದ ಯುಪಿಐ ವಹಿವಾಟಿನಲ್ಲಿ ಹತ್ತರಲ್ಲಿ ಎಂಟು ಪಾಲು ಎರಡೇ ಬಾಗಿಲುಗಳಿಂದ ನಡೆಯುವಷ್ಟು ಅವು ಬೆಳೆದವು. ಒಂದು ಅಮೆರಿಕದ ವಾಲ್‌ಮಾರ್ಟ್ ಒಡೆತನದ ಫೋನ್‌ಪೇ, ಇನ್ನೊಂದು ಅಮೆರಿಕದ ಗೂಗಲ್. ಯಾರೊಬ್ಬರ ಕೈಯಲ್ಲೂ ನೂರರಲ್ಲಿ 30ಕ್ಕಿಂತ ಹೆಚ್ಚಿನ ಪಾಲಿರಬಾರದೆಂದು ಪಾವತಿ ನಿಗಮ 2020ರ ನವೆಂಬರಿನಲ್ಲಿ ನಿಯಮ ಮಾಡಿತು. ಒಳ್ಳೆಯ ನಿಯಮ. ಜಾರಿ ಮಾಡಲು ಮೊದಲು ಎರಡು ವರ್ಷ ಕೊಟ್ಟರು. ಅದು ಸಾಲದೆಂದು 2024ರ ಕೊನೆಯ ತನಕ ಎಂದರು. ಅದೂ ಸಾಲದೆಂದು 2026ರ ಡಿಸೆಂಬರ್ 31ರ ವರೆಗೆ ಎಂದರು. ತರಕಾರಿಯವನಿಗೆ ನಾಲ್ಕು ವರ್ಷ ಹಿಂದಕ್ಕೆ ಹೋಗಿ ಲೆಕ್ಕ ಕೇಳುವ ಆಡಳಿತ, ವಾಲ್‌ಮಾರ್ಟಿಗೆ ಆರು ವರ್ಷ ಮುಂದಕ್ಕೆ ವಾಯಿದೆ ಕೊಡುತ್ತದೆ.

ಗೂಗಲ್ಲಿನ ಇನ್ನೊಂದು ಕತೆ ಉಂಟು. ಆ್ಯಪ್‌ಗಳನ್ನು ಮಾರುವ ತನ್ನ ಅಂಗಡಿಯಲ್ಲಿ ಪಾವತಿಯ ವಿಷಯದಲ್ಲಿ ತನ್ನ ಬಲವನ್ನು ದುರುಪಯೋಗ ಮಾಡಿತೆಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 936 ಕೋಟಿ 44 ಲಕ್ಷ ರೂಪಾಯಿ ದಂಡ ಹಾಕಿತು. ಕಂಪೆನಿ ಮೇಲ್ಮನವಿಗೆ ಹೋಯಿತು. 2025ರ ಮಾರ್ಚಿನಲ್ಲಿ ನ್ಯಾಯಮಂಡಳಿ ದಂಡವನ್ನು 216 ಕೋಟಿ 69 ಲಕ್ಷಕ್ಕೆ ಇಳಿಸಿತು. ರೂಪಾಯಿಯಲ್ಲಿ ನಾಲ್ಕಾಣೆಗೂ ಕಮ್ಮಿ. ಅಲ್ಲಿಗೂ ಮುಗಿಯದೆ ಮೊಕದ್ದಮೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಮೇಲ್ಮನವಿಯ ಹಕ್ಕು ಎಲ್ಲರಿಗೂ ಬೇಕು, ಗೂಗಲ್ಲಿಗೂ ಬೇಕು. ಆದರೆ ವೇಣೂರಿನ ಬೇಕರಿಯವನು ವಕೀಲನ ಫೀಸು ಕೊಡಬೇಕಾದರೆ ಒಂದು ವಾರ ಒಲೆ ಹೊತ್ತಿಸಿದ್ದು ಅದಕ್ಕೇ ಸರಿ ಹೋದೀತು.

ಈ ಸೇವೆ ಪುಕ್ಕಟೆಯೆಂಬ ಮಾತೂ ಅರ್ಧಸತ್ಯ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವನಿಂದ ಶುಲ್ಕ ತೆಗೆಯಬಾರದೆಂದು ಕಾಯಿದೆಯಾಗಿದ್ದು ಸರಿಯೇ. ಅದರ ಬದಲಿಗೆ ಸರಕಾರ ಖಜಾನೆಯಿಂದ ಕೊಟ್ಟಿತು. 2024-25ನೇ ವರ್ಷಕ್ಕೆ ಸುಮಾರು 1,500 ಕೋಟಿ. ಖಜಾನೆಯ ಹಣವೆಂದರೆ ನಮ್ಮ ನಿಮ್ಮ ಸಾಬೂನಿನ ತೆರಿಗೆ. ಕೂಗುವ ಪೆಟ್ಟಿಗೆಗೆ ತಿಂಗಳ ಬಾಡಿಗೆ ಬೇರೆ. ಎಲ್ಲಕ್ಕಿಂತ ಬೆಲೆಬಾಳುವುದು, ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಎಷ್ಟು ವ್ಯಾಪಾರ ಎಂಬ ವಹಿ. ಹಿಂದೆ ಅದು ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಮಲಗಿತ್ತು. ಈಗ ಅದರ ನಕಲು ಕಂಪೆನಿಯಲ್ಲಿದೆ. ಅದನ್ನು ನೋಡಿಕೊಂಡೇ ನಿಮಗೆ ಸಾಲ ಬೇಕೇ ಎಂದು ಫೋನು ಬರುತ್ತದೆ.

ದಕ್ಷಿಣ ಕನ್ನಡದವರಿಗೆ ಸಣ್ಣ ಹಣದ ಮಹತ್ವವನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ತೆರೆಯಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಮನುಷ್ಯ ಬಾಗಿಲಿಗೆ ಬಂದು ಕೊಂಡೊಯ್ಯುತ್ತಿದ್ದ. ನೇಕಾರನ, ಮೀನು ಮಾರುವವಳ, ಹೋಟೆಲು ಮಾಣಿಯ ದುಡ್ಡು ಹಾಗೆ ಕೂಡಿತು. ಪಿಗ್ಮಿಯವನಿಗೂ ಅಂಗಡಿಯ ಒಳಗುಟ್ಟು ಗೊತ್ತಿತ್ತು. ಆದರೆ ಅವನಿಗೆ ಮುಖವಿತ್ತು, ಊರಿತ್ತು. ಮಳೆಗಾಲದಲ್ಲಿ ವ್ಯಾಪಾರವಿಲ್ಲದಿದ್ದರೆ "ನಾಳೆ ಬನ್ನಿ ಮಾರಾಯರೆ" ಎಂದರೆ ಅವನಿಗೆ ತಿಳಿಯುತ್ತಿತ್ತು. ಆ ಬ್ಯಾಂಕುಗಳನ್ನು 1969ರಲ್ಲೂ 1980ರಲ್ಲೂ ರಾಷ್ಟ್ರೀಕರಿಸಿದಾಗ ನಮ್ಮವರು ಹರ್ಷಪಟ್ಟರು. 2019ರಲ್ಲಿ ವಿಜಯಾ ಬ್ಯಾಂಕು ಬರೋಡದಲ್ಲಿ ಕರಗಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ. ಸಾರ್ವಜನಿಕ ಬ್ಯಾಂಕಿನ ಬಾಗಿಲು ಹೀಗೆ ಒಂದೊಂದಾಗಿ ಮುಚ್ಚುತ್ತಾ ಬಂದಂತೆ ವಾಲ್‌ಮಾರ್ಟಿನ ಬಾಗಿಲು ಅಗಲವಾಯಿತು. ಎರಡೂ ಒಂದೇ ಕಾಲದಲ್ಲಿ ನಡೆದದ್ದನ್ನು ಆಕಸ್ಮಿಕವೆನ್ನುವವರು ಎನ್ನಲಿ.

ಕಾರ್ಮಿಕರಿಗೆ ಇದರಲ್ಲಿ ಏನೆಂದು ಕೇಳುವವರಿದ್ದಾರೆ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುವ ಹೆಂಗಸಿನ ಬೆರಳನ್ನು ನೋಡಿ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ವರ್ಷಗಟ್ಟಲೆ ಸುಲಿದ ಕೈಯಲ್ಲಿ ಗೆರೆಗಳೇ ಅಳಿಸಿಹೋಗುತ್ತವೆ. ಬೀಡಿ ಕಟ್ಟಿ ಕಟ್ಟಿ ಸವೆದ ಬೆರಳೂ ಹಾಗೆಯೇ. ಆ ಬೆರಳನ್ನು ರೇಷನ್ ಅಂಗಡಿಯ ಯಂತ್ರದ ಮೇಲೆ ಇಟ್ಟರೆ ಯಂತ್ರ ಆಕೆಯನ್ನು ಗುರುತಿಸುವುದಿಲ್ಲ. ದುಡಿದೂ ದುಡಿದೂ ಗೆರೆ ಅಳಿದವಳಿಗೆ ತಾನು ತಾನೇ ಎಂದು ತೋರಿಸಲಾಗದ ಸ್ಥಿತಿ! ಯಂತ್ರ ಒಪ್ಪಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದು ಸುಪ್ರೀಂ ಕೋರ್ಟು 2018ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋಗಿ, ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಂದ ಹೇಳಿಸಿ, 2024ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಪ್ರತಿ ಸಂಘದ ಗೋಡೆಯ ಮೇಲೆ ಇರತಕ್ಕದ್ದು.

ಆ ಹಕ್ಕನ್ನು ಕಾಯಲು ಪಾರ್ಲಿಮೆಂಟು 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಮಾಡಿತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಜನರ ದತ್ತಾಂಶವನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಂದಿನಿಂದ ಹದಿನೆಂಟು ತಿಂಗಳ ವಾಯಿದೆ. ಅದೇ ಕಾಯಿದೆಯ ಇನ್ನೊಂದು ಕಲಮು ಮಾಹಿತಿ ಹಕ್ಕಿನ ಕಾಯಿದೆಯನ್ನು ತಿದ್ದುತ್ತದೆ. ವೈಯಕ್ತಿಕ ಮಾಹಿತಿಯೆಂಬ ಒಂದು ಮಾತಿನಿಂದ ಕಡತ ಮುಚ್ಚಲು ಅಧಿಕಾರಿಗೆ ಅದು ದಾರಿ ಸಲೀಸು ಮಾಡುತ್ತದೆ. ಆ ಕಲಮಿಗೆ ವಾಯಿದೆ ಇಟ್ಟಿರಲಿಲ್ಲ. ಪ್ರಕಟವಾದ ದಿನದಿಂದಲೇ ಜಾರಿ.

ಬೇಡಿಕೆ ಇಡಬೇಕಾದ ಜಾಗ ಹೀಗೆ ಸ್ಪಷ್ಟವಾಗಿದೆ. ಖಾತೆಗೆ ಬಂದ ಹಣವನ್ನೇ ವ್ಯಾಪಾರವೆಂದು ಊಹಿಸಕೂಡದೆಂದು ಕಾಯಿದೆಯಲ್ಲಿ ಬರೆಯಿಸಬೇಕು. ಯಾರ ಲೆಕ್ಕವನ್ನು ಇಲಾಖೆ ಕಂಪೆನಿಯಿಂದ ತರಿಸಿತೋ ಅವನಿಗೆ ಅಂದೇ ತಿಳಿಸಬೇಕು. 30ರ ನಿಯಮಕ್ಕೆ ಇನ್ನೊಮ್ಮೆ ವಾಯಿದೆ ಕೇಳಿದರೆ ನಮ್ಮ ಸಂಸದರು ಬಾಯಿ ತೆರೆಯಬೇಕು. ಅವರಿಗೆ ಪತ್ರ ಬರೆಯುವ ಕೆಲಸ ವ್ಯಾಪಾರಿ ಸಂಘಗಳದ್ದು, ಸಹಿ ಒದಗಿಸುವುದು ಕಾರ್ಮಿಕ ಸಂಘಗಳದ್ದು. ಬೀಡಿ ಕಟ್ಟುವವಳ ಕೂಲಿ ಸೇರುವುದು ಕೊನೆಗೆ ಅದೇ ಜಿನಸಿನ ಅಂಗಡಿಗೆ. ಅದು ಮುಚ್ಚಿದರೆ ಸಾಲ ಕೊಡುವ ಸೂಪರ್ ಮಾರ್ಕೆಟು ಯಾವುದೂ ಇಲ್ಲ.

ಅಲ್ಲಿಯ ವರೆಗೆ ಅಂಗಡಿಯವರು ಮಾಡಬಹುದಾದ ಕೆಲಸ ಉಂಟು. ಸ್ಕ್ಯಾನರ್ ಚೀಟಿಯನ್ನು ಖಾತೆಯಿರುವ ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು. ಗಿರಾಕಿಯ ಮೊಬೈಲಿನಲ್ಲಿ ಯಾವ ಆ್ಯಪ್ ಇದ್ದರೂ ಹಣ ಬರುತ್ತದೆ. ಮನೆಯ ಖಾತೆ ಬೇರೆ, ಅಂಗಡಿಯ ಖಾತೆ ಬೇರೆ ಮಾಡಿಕೊಳ್ಳಿ. ನೂರು ಹಾಳೆಯ ಒಂದು ನೋಟುಪುಸ್ತಕ ತನ್ನಿ. ಹಾಲು ತರಕಾರಿಗೆ ಒಂದು ಪುಟ, ತೆರಿಗೆ ಬೀಳುವ ಸರಕಿಗೆ ಒಂದು ಪುಟ, ಕೈಸಾಲ ಬಂದದ್ದಕ್ಕೂ ಹೋದದ್ದಕ್ಕೂ ತಾರೀಕು ಸಮೇತ ಒಂದು ಪುಟ. ರಾತ್ರಿ ಹಲಗೆ ಹಾಕುವ ಮುಂಚೆ ಹತ್ತು ನಿಮಿಷದ ಕೆಲಸ.