ಗಾಡಿಯ ಕೆಳಗಣ ತೇವ



ಕಳೆದ ಮಾಘಮಾಸದಲ್ಲಿ ನಮ್ಮ ಬಹುಕಾಲದ ಪರಿಚಯದ ಕುಟುಂಬವೊಂದರ ಒತ್ತಾಯಕ್ಕೆ ಕಟ್ಟುಬಿದ್ದು ನಾವು ಮಲ್ಪೆಗೆ ಹೋಗಿದ್ದೆವು. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಮಣಿಪಾಲ, ಉಡುಪಿಗಳನ್ನು ಹಾಯ್ದು ಕಡಲಿಗೆ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 169ಎ ನಮ್ಮ ಹಾದಿಯಾಗಿತ್ತು. ಗಾಡಿ ಆ ಮನೆಯ ಯಜಮಾನರದು. ಹತ್ತೊಂಬತ್ತು ವರ್ಷ ಹಳೆಯದು, ಮೂರು ಲಕ್ಷ ಕಿಲೋಮೀಟರಿನ ಸಮೀಪ ಓಡಿದ ಡೀಸೆಲ್ ವಾಹನ. ಮಕ್ಕಳು ಮುದುಕರೆಲ್ಲ ಸೇರಿ ಏಳು ಜನ. ಆಗುಂಬೆಯ ತಿರುವುಗಳನ್ನು ಇಳಿದು ಸೋಮೇಶ್ವರಕ್ಕೆ ಬಂದಾಗ, ಗಾಡಿ ನಡೆಸುತ್ತಿದ್ದ ಹಿರಿಯ ಮಗನು "ಬ್ರೇಕು ಇವತ್ತು ಸ್ವಲ್ಪ ಕೆಳಗೆ ಹೋಗ್ತಿದೆ" ಎಂದನು. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ನಾವೂ ಕಿಟಕಿಯಾಚೆಯ ಕಾಡನ್ನು ನೋಡುತ್ತಿದ್ದೆವು.

ಮಲ್ಪೆಯ ಬಂದರಿನ ಹತ್ತಿರದ ರಸ್ತೆಯ ನೆಲ ಒಣಗಿರುವುದೇ ಅಪರೂಪ. ಮಂಜುಗಡ್ಡೆಯಲ್ಲಿ ಮೀನನ್ನು ತುಂಬಿಕೊಂಡ ಲಾರಿಗಳಿಂದ ಉಪ್ಪುನೀರು ಸದಾ ತೊಟ್ಟಿಕ್ಕುತ್ತಿರುತ್ತದೆ. ಅಂಥ ಕಡೆ ಗಾಡಿಯನ್ನು ನಿಲ್ಲಿಸಿ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಮಧ್ಯಾಹ್ನ ಹಿಂದಿರುಗಿದಾಗ ಗಾಡಿಯ ಕೆಳಗೆ ಮೂರು ಕಡೆ ತೇವವಿತ್ತು. ಮುಂದಿನ ಆಸನದ ಕೆಳಗೆ ದೊಡ್ಡದೊಂದು ನೀರಿನ ಮಡು. ಎಂಜಿನ್ನಿನ ಕೆಳಗೆ ನಾಲ್ಕಾರು ಕಪ್ಪು ಹನಿ. ಎಡಗಡೆಯ ಹಿಂದಿನ ಚಕ್ರದ ಒಳಬದಿಯಲ್ಲಿ ಅಂಗೈಯಗಲದ ಒಂದು ಮಸುಕು ಕಲೆ. ಮನೆಯವರೆಲ್ಲ ಗಾಬರಿಯಾದದ್ದು ದೊಡ್ಡ ಮಡುವನ್ನು ಕಂಡು. ಚಕ್ರದ ಬಳಿಯ ಕಲೆಯನ್ನು ಮೀನಿನ ಲಾರಿಯ ನೀರೆಂದು ಬಿಟ್ಟುಬಿಟ್ಟರು.

ಸಮೀಪದ ಗ್ಯಾರೇಜಿನ ವೃದ್ಧ ಮೆಕ್ಯಾನಿಕರೊಬ್ಬರನ್ನು ಕರೆತರಲಾಯಿತು. ಅವರು ಮಡುವನ್ನು ಬೆರಳಿನಿಂದ ಮುಟ್ಟಿ ನಕ್ಕರು. ಅದು ಏಸಿಯ ನೀರು. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು, ಅದು ಏಸಿಯ ತಣ್ಣನೆಯ ಕೊಳವೆಗಳಿಗೆ ತಾಗಿ ನೀರಾಗಿ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಜಿಡ್ಡಿಲ್ಲ. ಅದು ಸುರಿಯದಿದ್ದರೇ ಯೋಚಿಸಬೇಕು. ಕಪ್ಪು ಹನಿಗಳು ಎಂಜಿನ್ ಆಯಿಲ್. ಹಳೆಯ ಗಾಡಿಯಲ್ಲಿ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಗಡುಸಾಗಿ ಒಸರುವುದು ಸಾಮಾನ್ಯ. ಡಿಪ್‌ಸ್ಟಿಕ್ ಎಳೆದು ನೋಡಿ ಆಯಿಲ್ ಸಾಕಷ್ಟಿದೆ ಎಂದರು. ಆಮೇಲೆ ಚಕ್ರದ ಹಿಂದೆ ಮೊಣಕಾಲೂರಿ, ಟಯರಿನ ಒಳಮೈಯನ್ನು ಸವರಿ, ಬೆರಳುಗಳನ್ನು ಉಜ್ಜಿ ನೋಡಿದರು. ಅವರ ಮುಖ ಬದಲಾಯಿತು.

"ಸ್ವಾಮಿ, ಇದು ಮೀನಿನ ನೀರಲ್ಲ. ಬ್ರೇಕ್ ಆಯಿಲ್ ಇದು. ಗಾಡಿ ಚಾಲು ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ."

ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲಿನ ಡಬ್ಬಿಯನ್ನು ತೋರಿಸಿದರು. ಆಯಿಲು ಕನಿಷ್ಠದ ಗೆರೆಗಿಂತ ಕೆಳಗಿತ್ತು. ಹಾಗಾದರೆ ಘಟ್ಟದಲ್ಲಿ ಗಾಡಿ ನಿಂತದ್ದಾದರೂ ಹೇಗೆ ಎಂದು ಕೇಳಿದೆವು. ಬ್ರೇಕಿನ ಕೊಳವೆಗಳಲ್ಲಿ ಎರಡು ಪ್ರತ್ಯೇಕ ಹಾದಿಗಳಿವೆ, ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ, ಆದರೆ ಪೆಡಲು ಕೆಳಕ್ಕಿಳಿಯುತ್ತದೆ ಎಂದು ತಿಳಿಸಿದರು. ಸೋಮೇಶ್ವರದಲ್ಲಿ ಆ ಹುಡುಗ ಹೇಳಿದ್ದು ಅದನ್ನೇ. ಏಳು ಜೀವಗಳು ಅರ್ಧ ಬ್ರೇಕಿನಲ್ಲಿ ಆಗುಂಬೆಯನ್ನು ಇಳಿದಿದ್ದವು.

ಅಂದಿನಿಂದ ನಾವು ಈ ವಿಷಯವನ್ನು ಬಲ್ಲವರಲ್ಲಿ ಕೇಳಿ ತಿಳಿಯುತ್ತ ಬಂದಿದ್ದೇವೆ. ಒದ್ದೆ ನೆಲದಲ್ಲಿ ಸೋರಿಕೆಯನ್ನು ಪರೀಕ್ಷಿಸುವುದು ವ್ಯರ್ಥ. ಗಾಡಿಯನ್ನು ಒಣನೆಲದ ಮೇಲೆ ನಿಲ್ಲಿಸಿ, ಕೆಳಗೆ ಅಗಲವಾದ ರಟ್ಟನ್ನು ಹಾಸಿ, ನಾಲ್ಕು ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತಿಸಿ, ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಹನಿ ಎಲ್ಲಿದೆ, ಯಾವ ಬಣ್ಣ, ಯಾವ ವಾಸನೆ ಎಂದು ನೋಡಬೇಕು. ಹನಿ ಬಿದ್ದ ಜಾಗದ ನೇರ ಮೇಲೆಯೇ ದೋಷವಿರಬೇಕೆಂದೇನಿಲ್ಲ. ಓಡುವಾಗ ಗಾಳಿಯು ದ್ರವವನ್ನು ಹಿಂದಕ್ಕೆ ಒಯ್ಯುತ್ತದೆ. ಆದ್ದರಿಂದ ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಭಾಗವನ್ನು ಹುಡುಕಬೇಕು. ಹಳೆಯ ಎಂಜಿನ್ನಿಗೆ ವರ್ಷಗಳ ಜಿಡ್ಡು ಮೆತ್ತಿದ್ದರೆ, ಮೊದಲು ತೊಳೆಸಿ, ಸ್ವಲ್ಪ ದೂರ ಓಡಿಸಿ, ಬಳಿಕವೇ ನೋಡುವುದು.

ಹಸಿರೋ ಕಿತ್ತಳೆಯೋ ಗುಲಾಬಿಯೋ ಆದ, ಸಿಹಿವಾಸನೆಯ ನೀರು ಕಂಡರೆ ಅದು ರೇಡಿಯೇಟರಿನ ಕೂಲಂಟ್. ಅದರ ಸಿಹಿಗೆ ಮರುಳಾಗಿ ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ಮಕ್ಕಳಿರುವ ಮನೆಯವರು ಕೂಡಲೇ ತೊಳೆಯಬೇಕು. ಕೂಲಂಟ್ ಕಡಿಮೆಯಾದ ಗಾಡಿ ಘಟ್ಟವನ್ನು ಹತ್ತುವಾಗ ಕುದಿಯುತ್ತದೆ. ಕುದಿದ ರೇಡಿಯೇಟರಿನ ಮುಚ್ಚಳವನ್ನು ತೆರೆಯಹೋಗಿ ಮುಖ ಸುಟ್ಟುಕೊಂಡವರನ್ನು ನಾವು ಕಂಡಿದ್ದೇವೆ. ಡಿಪ್‌ಸ್ಟಿಕ್ಕಿನ ಆಯಿಲು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಎಂಜಿನ್ನಿನೊಳಕ್ಕೆ ಇಳಿದಿದೆ ಎಂದೇ ಅರ್ಥ. ಅಂಥ ಗಾಡಿಯನ್ನು ಓಡಿಸದೆ ಗ್ಯಾರೇಜಿಗೆ ಎಳೆಸಬೇಕು. ಕೆಂಪು ದ್ರವ ಬಹುಮಟ್ಟಿಗೆ ಪವರ್ ಸ್ಟೀರಿಂಗಿನದು. ಗಂಧಕದ ನಾತ ಹೊಡೆಯುವ ಮಂದ ದ್ರವ ಗೇರ್ ಆಯಿಲ್. ಪೆಟ್ರೋಲಾದರೆ ಕಲೆ ನಿಲ್ಲುವುದೇ ಇಲ್ಲ, ವಾಸನೆ ಮಾತ್ರ ನಿಲ್ಲುತ್ತದೆ. ಆಗ ಕೀಲಿಯನ್ನು ತಿರುಗಿಸಲೂ ಕೂಡದು.

ಬ್ರೇಕ್ ಆಯಿಲಿನ ಮಾತನ್ನು ಮತ್ತೆ ಎತ್ತಲೇಬೇಕು. ಹೊಸದಿರುವಾಗ ತಿಳಿಹಳದಿ, ಹಳತಾದಂತೆ ಕಂದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದ ಆಯಿಲು ಇಳಿಜಾರಿನಲ್ಲಿ ಬ್ರೇಕು ಕಾದಾಗ ಬೇಗ ಕುದಿಯುತ್ತದೆ, ಗುಳ್ಳೆಯೇಳುತ್ತದೆ, ಒತ್ತಿದ ಒತ್ತಡವೆಲ್ಲ ಗುಳ್ಳೆಯಲ್ಲಿ ಕರಗಿಹೋಗುತ್ತದೆ. ಸೋರಿಕೆಯಿಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕಾಗಿಯೇ. ಡಬ್ಬಿಯಲ್ಲಿ ಮಟ್ಟ ಇಳಿದರೆ ತುಂಬಿಸಿ ಸುಮ್ಮನಾಗುವವರುಂಟು. ಬ್ರೇಕಿನ ಪ್ಯಾಡು ಸವೆದರೂ ಮಟ್ಟ ಕೊಂಚ ಇಳಿಯುವುದು ನಿಜ. ಆದರೆ ಸೋರುತ್ತಿದೆಯೋ ಸವೆದಿದೆಯೋ ಎಂದು ನೋಡದೆ ತುಂಬಿಸುವುದು ತಪ್ಪು.

ಆ ದಿನ ಚಕ್ರವನ್ನು ಬಿಚ್ಚಿದಾಗ ವ್ಹೀಲ್ ಸಿಲಿಂಡರಿನ ರಬ್ಬರು ಹರಿದಿತ್ತು. ಬ್ರೇಕ್ ಶೂಗಳು ಆಯಿಲಿನಲ್ಲಿ ನೆನೆದು ಕೆಲಸಕ್ಕೆ ಬಾರದಂತಾಗಿದ್ದವು. ಅದಕ್ಕೆ ಹೋಗುವ ಕಬ್ಬಿಣದ ಕೊಳವೆಗೂ ತುಕ್ಕು ಹಿಡಿದಿತ್ತು. ಕಡಲ ಬದಿಯ ಗಾಡಿಗಳಲ್ಲಿ ಇದನ್ನು ನಿತ್ಯ ನೋಡುತ್ತೇವೆ ಎಂದ ಆ ವೃದ್ಧರು ಬಂದರಿನ ಕಡೆ ಕೈ ತೋರಿಸಿದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಗಳನ್ನು ದಡಕ್ಕೆಳೆದು ಅಡಿಯನ್ನೆಲ್ಲ ಪರೀಕ್ಷಿಸುವ ರೂಢಿ ಅಲ್ಲಿದೆ. ನಮ್ಮ ಹಳೆಯ ಕಾರುಗಳಿಗಾದರೋ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ; ಅದರ ನಡುವೆ ಅಡಿಗೆ ಬಗ್ಗಿ ನೋಡುವವರು ಯಾರು?

ಕೆಲಸ ಮುಗಿಯುವಾಗ ಕತ್ತಲಾಗಿತ್ತು. ಆ ರಾತ್ರಿ ಉಡುಪಿಯಲ್ಲಿಯೇ ತಂಗಿ ಮರುದಿನ ಘಟ್ಟವನ್ನು ಹತ್ತಿದೆವು. ಈಗ ಆ ಮನೆಯಂಗಳದಲ್ಲಿ ಗಾಡಿಯ ಕೆಳಗೆ ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಹಾಸಿದ್ದಾರೆ. ಮೊನ್ನೆ ಹಿರಿಯ ಮಗನು ಫೋನು ಮಾಡಿ, "ಈ ವಾರ ಎರಡೇ ಕಪ್ಪು ಹನಿ ಗುರುಗಳೇ, ಚಕ್ರದ ಹತ್ತಿರ ಏನೂ ಇಲ್ಲ" ಎಂದು ತಿಳಿಸಿದನು.