ದಾಖಲೆ ಇಲ್ಲದ ಇತಿಹಾಸ, ದಾಖಲೆ ಇದ್ದೂ ಕಾಣದ ಇತಿಹಾಸ: ಮಂಡ್ಯ ಜಿಲ್ಲೆಯ ಒಂದು ಅವಲೋಕನ

2023ರ ಮಾರ್ಚ್ ತಿಂಗಳು. ವಿಧಾನಸಭಾ ಚುನಾವಣೆಗೆ ಎರಡೇ ತಿಂಗಳು ಬಾಕಿ. ಆ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾಲ್ಕು ಜನ ಸೇರಿದಲ್ಲೆಲ್ಲ ಎರಡು ಹೆಸರುಗಳ ಮಾತು: ಉರಿಗೌಡ ಮತ್ತು ನಂಜೇಗೌಡ. ಟಿಪ್ಪು ಸುಲ್ತಾನನನ್ನು ಕೊಂದವರು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬುದು ಕೆಲವು ರಾಜಕೀಯ ಮುಖಂಡರ ವಾದ. ಅಂಥವರು ಇತಿಹಾಸದಲ್ಲಿ ಇರಲೇ ಇಲ್ಲ, ಇದು ಚುನಾವಣೆಗಾಗಿ ಹುಟ್ಟಿಸಿದ ಕಥೆ ಎಂಬುದು ಎದುರು ಪಕ್ಷದವರ ವಾದ.

ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಲು ಮದ್ದೂರು ತಾಲೂಕಿನ ಗೆಜ್ಜಲಗೆರೆಗೆ ಬಂದಿದ್ದರು. ಆ ಸಂದರ್ಭದಲ್ಲಿ ಮಂಡ್ಯದಲ್ಲಿ ನಿಲ್ಲಿಸಿದ್ದ ಸ್ವಾಗತ ಕಮಾನಿಗೆ ಈ ಇಬ್ಬರ ಹೆಸರಿಟ್ಟದ್ದು ವಿವಾದವಾಯಿತು. ವಿರೋಧ ಬಂದ ಮೇಲೆ ಆ ಹೆಸರು ತೆಗೆದು ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಹಾಕಲಾಯಿತು. ವಾರ ಕಳೆಯುವುದರೊಳಗೆ ಮತ್ತೊಂದು ಸುದ್ದಿ. ಆಗ ಸಚಿವರಾಗಿದ್ದ ಚಿತ್ರ ನಿರ್ಮಾಪಕ ಮುನಿರತ್ನ ಅವರು 'ಉರಿಗೌಡ ನಂಜೇಗೌಡ' ಎಂಬ ಶೀರ್ಷಿಕೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದರು. ಆದಿಚುಂಚನಗಿರಿಯ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿಯವರು ಅವರನ್ನು ಕರೆಸಿ ಮಾತನಾಡಿದರು. ಮಾರ್ಚ್ 20ರಂದು ಚಿತ್ರ ಮಾಡುವ ಯೋಚನೆಯನ್ನು ನಿರ್ಮಾಪಕರು ಕೈಬಿಟ್ಟರು. ಸಂಶೋಧನೆ ನಡೆದು ಖಚಿತ ದಾಖಲೆ ದೊರೆಯುವವರೆಗೆ ಈ ಚರ್ಚೆ ಬೇಡ ಎಂಬುದು ಸ್ವಾಮೀಜಿಯವರ ನಿಲುವಾಗಿತ್ತು.

ಈ ಪ್ರಕರಣ ಮುಗಿದ ಅಧ್ಯಾಯ ಎಂದು ಬಿಟ್ಟುಬಿಡುವಂತಿಲ್ಲ. ರಾಜರು, ಯುದ್ಧ, ರಾಜಕೀಯದ ಕಥೆಗಳು ಇಂದು ಎಲ್ಲ ಭಾಷೆಗಳಲ್ಲೂ ದೊಡ್ಡ ಬಂಡವಾಳದ ಚಿತ್ರಗಳಾಗುತ್ತಿವೆ. ನಾಳೆ ಇನ್ನೊಂದು ಹೆಸರು ಬರಬಹುದು, ಇನ್ನೊಂದು ಸಮುದಾಯದ್ದಾಗಿರಬಹುದು. ಆಗ ಏನು ಕೇಳಬೇಕು ಎಂಬುದನ್ನು ಮಂಡ್ಯದ ಪ್ರಕರಣ ತೋರಿಸಿಕೊಟ್ಟಿದೆ.

ಮೊದಲಿಗೆ ಟಿಪ್ಪುವಿನ ಕೊನೆಯ ದಿನಗಳ ಬಗ್ಗೆ ದಾಖಲೆಗಳು ಏನು ಹೇಳುತ್ತವೆ ಎಂಬುದನ್ನು ನೋಡೋಣ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕಾಳಗ ನಡೆಯಿತು. ಟಿಪ್ಪು ಹಿಂದೆ ಸರಿದ. ಇಂಗ್ಲಿಷ್ ಸೈನ್ಯ ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿತು. ಅಂದು ರಾತ್ರಿ ಕೋಟೆಯ ಬಾಗಿಲೊಂದರಲ್ಲಿ ಬಿದ್ದಿದ್ದ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ಶವ ಸಿಕ್ಕಿತು. ಗುಂಡು ಹಾರಿಸಿದವನು ಯಾರೋ ಒಬ್ಬ ಸಿಪಾಯಿ ಎಂದಷ್ಟೇ ಇಂಗ್ಲಿಷರ ಬರಹಗಳು ಹೇಳುತ್ತವೆ, ಅವನ ಹೆಸರಿಲ್ಲ. ಈ ಖಾಲಿ ಜಾಗದಲ್ಲೇ ಎರಡು ಶತಮಾನಗಳ ನಂತರ ಎರಡು ಹೆಸರುಗಳನ್ನು ಕೂರಿಸುವ ಪ್ರಯತ್ನ ನಡೆಯಿತು. ದೇಜಗೌ ಅವರು ಸಂಪಾದಿಸಿದ 'ಸುವರ್ಣ ಮಂಡ್ಯ' ಗ್ರಂಥದಲ್ಲಿ ಈ ಹೆಸರುಗಳ ಉಲ್ಲೇಖವಿದೆ ಎಂದು ಪರವಾಗಿ ಮಾತನಾಡಿದವರು ಹೇಳಿದರು. ಆದರೆ ಹೆಸರು ಒಂದು ಪುಸ್ತಕದಲ್ಲಿ ಇರುವುದು ಬೇರೆ, ಆ ಹೆಸರಿನವರು ಇಂಥ ದಿನ ಇಂಥ ಕೆಲಸ ಮಾಡಿದರು ಎಂದು ರುಜುವಾತಾಗುವುದು ಬೇರೆ. ಅಂಗಡಿಯ ಹೆಸರಿದ್ದ ಮಾತ್ರಕ್ಕೆ ಸರಕು ಬಂದಂತಾಗುವುದಿಲ್ಲ, ಬಿಲ್ಲೂ ಬೇಕು.

ಹಾಗಾದರೆ ಐತಿಹಾಸಿಕ ಚಿತ್ರದಲ್ಲಿ ಕಲ್ಪನೆಯೇ ಇರಬಾರದೆ? ಇರಬಹುದು, ಇರಲೇಬೇಕು. 1960ರ 'ರಣಧೀರ ಕಂಠೀರವ' ಚಿತ್ರದ ನಾಯಕ ಇದೇ ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು. ಅವರ ಟಂಕಸಾಲೆಯ ಕಂಠೀರಾಯಿ ಹಣ ಅವರ ನಂತರವೂ ಬಹುಕಾಲ ವ್ಯಾಪಾರದ ಲೆಕ್ಕದಲ್ಲಿ ಉಳಿದಿತ್ತು. ಚಿತ್ರದಲ್ಲಿ ಸಂಭಾಷಣೆ, ಹಾಡು, ಪ್ರಣಯ ಎಲ್ಲ ಸೇರಿದ್ದರೂ ರಾಜ ಮಾತ್ರ ನಿಜ. 1975ರ 'ಮಯೂರ' ಚಿತ್ರಕ್ಕೆ ದೇವುಡು ಅವರ ಕಾದಂಬರಿ ಆಧಾರ. ಕದಂಬ ಮಯೂರಶರ್ಮನಿಗೆ ಕಂಚಿಯಲ್ಲಿ ಆದ ಅವಮಾನಕ್ಕೆ ತಾಳಗುಂದದ ಕಂಬದ ಶಾಸನವೇ ಸಾಕ್ಷಿ. ಶಾಸನದಿಂದ ಕಾದಂಬರಿ, ಕಾದಂಬರಿಯಿಂದ ಚಿತ್ರ. ಕಥೆ ದಾರಿಯಲ್ಲಿ ಬೆಳೆದಿದ್ದರೂ ಬೇರು ನೆಲದಲ್ಲಿತ್ತು.

ಬೇರು ಕಾದಂಬರಿಯಲ್ಲೇ ಇದ್ದರೆ ಅದನ್ನು ಒಪ್ಪಿಕೊಂಡು ಹೇಳುವ ದಾರಿಯೂ ಇದೆ. ಟಿಪ್ಪುವಿನ ಕುರಿತು ದೂರದರ್ಶನದಲ್ಲಿ ಬಂದ ಧಾರಾವಾಹಿಗೆ ಭಗವಾನ್ ಗಿದ್ವಾನಿಯವರ ಕಾದಂಬರಿ ಆಧಾರವಾಗಿತ್ತು. ವಿವಾದ ನ್ಯಾಯಾಲಯಕ್ಕೆ ಹೋಗಿ, ಇದು ಕಾಲ್ಪನಿಕ ಕೃತಿ ಎಂಬ ಪ್ರಕಟಣೆಯೊಂದಿಗೆ ಅದು ಪ್ರಸಾರವಾಯಿತು. 2018ರಲ್ಲಿ ಹಿಂದಿಯ 'ಪದ್ಮಾವತಿ' ಚಿತ್ರ ಜಾಯಸಿಯ ಕಾವ್ಯದ ಹೆಸರನ್ನೇ ಹೊತ್ತು 'ಪದ್ಮಾವತ್' ಆಗಿ ತೆರೆಗೆ ಬಂತು.

ಇಲ್ಲಿ ಓದುಗರು ಒಂದು ಅಂಶ ಗಮನಿಸಬೇಕು. ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿಯಾಗುವುದು ಒಂದೇ ಹೆಸರಿನಲ್ಲಿ ಇಬ್ಬರು ಚಿತ್ರ ಮಾಡದಿರಲಿ ಎಂದು. ಸೆನ್ಸಾರ್ ಮಂಡಳಿ ಕೊಡುವುದು ಪ್ರದರ್ಶನದ ಪ್ರಮಾಣಪತ್ರ. ಚಿತ್ರದಲ್ಲಿ ಹೇಳಿದ್ದು ನಡೆದದ್ದೇ ಎಂದು ಇವೆರಡೂ ಖಾತರಿ ಕೊಡುವುದಿಲ್ಲ. ಆದ್ದರಿಂದ ಸತ್ಯಕಥೆ ಎಂದು ಹೇಳಿಕೊಳ್ಳುವ ನಿರ್ಮಾಪಕರೇ ಆಧಾರವನ್ನು ಮುಂದಿಡಬೇಕು. ಆಧಾರವಿಲ್ಲದಿದ್ದರೆ ಕಲ್ಪನೆ ಎಂದು ಹೇಳಬೇಕು. ಎರಡೂ ಗೌರವದ ಮಾರ್ಗಗಳೇ. ಕಲ್ಪನೆಯನ್ನು ಸತ್ಯವೆಂದು ಹೇಳುವ ಮೂರನೆಯ ಮಾರ್ಗದಲ್ಲಿ ಮಾತ್ರ ತೊಂದರೆ. ಏಕೆಂದರೆ ಕೊಂದವರು ಇಂಥವರ ಪೂರ್ವಜರು, ಸತ್ತವರು ಇಂಥವರ ಕಡೆಯವರು ಎಂದು ತೆರೆಯ ಮೇಲೆ ಹಂಚಿಕೆ ಮಾಡಿದರೆ, ಮರುದಿನ ಸಂತೆಯಲ್ಲಿ ಎದುರುಬದುರು ನಿಂತು ಬೆಲ್ಲ ತೂಗುವವರು, ಕೊಳ್ಳುವವರು ಅದೇ ಜನ. ಚಿತ್ರದ ಓಟ ನೂರು ದಿನ ಇರಬಹುದು, ಮನಸ್ಸು ಕೆಟ್ಟರೆ ಸರಿಯಾಗಲು ತಲೆಮಾರು ಬೇಕು.

ಇದಕ್ಕೂ ಮಿಗಿಲಾದ ನಷ್ಟ ಇನ್ನೊಂದಿದೆ. ದಾಖಲೆಯಿಲ್ಲದ ಕಥೆಗಾಗಿ ಇಷ್ಟು ಜಗಳ ನಡೆದ ಇದೇ ಜಿಲ್ಲೆಯಲ್ಲಿ ದಾಖಲೆಯಿರುವ ಕಥೆಗಳನ್ನು ಕೇಳುವವರು ಕಡಿಮೆ. ಮದ್ದೂರು ತಾಲೂಕಿನ ಆತಕೂರಿನ ಶಿಲಾಶಾಸನವನ್ನೇ ನೋಡಿ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದು ಅದರಲ್ಲಿದೆ. ಬೂತುಗನ ಬಂಟ ಮಣಲೇರನು ಬಹುಮಾನವಾಗಿ ರಾಜನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನಾಯಿ, ಹಂದಿಯ ಕಾದಾಟದ ಕೆತ್ತನೆಯೂ ಇದೆ. ಇಷ್ಟಿದ್ದರೂ, ಬೂತುಗ ರಾಜಾದಿತ್ಯನನ್ನು ಕೊಂದ ರೀತಿ ಯಾವುದೆಂದು ಶಾಸನದ ಪದಗಳ ಅರ್ಥದ ಮೇಲೆ ವಿದ್ವಾಂಸರು ವಾದಿಸಿದ್ದಾರೆ. ಚೋಳರ ತಾಮ್ರಪಟಗಳು ರಾಜಾದಿತ್ಯನನ್ನು ಆನೆಯ ಮೇಲೆ ಹೋರಾಡಿ ಸ್ವರ್ಗಸ್ಥನಾದ ವೀರನೆಂದೇ ಹೊಗಳುತ್ತವೆ. ಕಲ್ಲಿನ ಮೇಲೆ ಬರೆದದ್ದಕ್ಕೇ ಇಷ್ಟು ಪರಿಶೀಲನೆ ಬೇಕಾದರೆ, ಬಾಯಿಮಾತಿಗೆ ಎಷ್ಟು ಬೇಡ?

ಅದೇ ತಾಲೂಕಿನ ಅರೆತಿಪ್ಪೂರು ಜೈನ ಬಾಂಧವರಿಗೆ ಪರಿಚಿತ ಕ್ಷೇತ್ರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದನು. ಮೆಚ್ಚಿದ ರಾಜ ಏನು ಬೇಕೆಂದು ಕೇಳಿದಾಗ ತಿಪ್ಪೂರನ್ನು ಬೇಡಿ ಪಡೆದು, ಅದನ್ನು ತನಗಿಟ್ಟುಕೊಳ್ಳದೆ ಮೇಘಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದನೆಂದು 1117ರ ಸುಮಾರಿನ ಶಾಸನ ಹೇಳುತ್ತದೆ. ರಾಜ, ಯುದ್ಧ, ರಾಜಕೀಯ ಮೂರೂ ಅಲ್ಲಿವೆ. ಕೊನೆಯಲ್ಲಿ ತ್ಯಾಗವೂ ಇದೆ. ಇದನ್ನು ಚಿತ್ರ ಮಾಡಲು ಯಾರೂ ಶೀರ್ಷಿಕೆ ನೋಂದಾಯಿಸಿದ ಸುದ್ದಿ ಬಂದಿಲ್ಲ.

ಜೈನ ಸಮಾಜವೂ ಇದೇ ಅಳತೆಗೋಲನ್ನು ತನಗೆ ಹಾಕಿಕೊಳ್ಳಬೇಕು. ಹಳೆಯ ಕಲ್ಲು ಕಂಡಲ್ಲೆಲ್ಲ ನಮ್ಮದೆನ್ನುವ ಆತುರ ನಮ್ಮಲ್ಲೂ ಇದೆ. 2015ರ ನಂತರ ಬಾಹುಬಲಿ ಎಂದರೆ ಮಕ್ಕಳಿಗೆ ಮಾಹಿಷ್ಮತಿಯ ರಾಜಕುಮಾರನೇ ನೆನಪಾಗುತ್ತಾನೆ. ಅದಕ್ಕೆ ಚಿತ್ರದವರನ್ನು ದೂರಿ ಪ್ರಯೋಜನವಿಲ್ಲ. ಸೈನ್ಯಗಳು ಸಾಯದಿರಲೆಂದು ಅಣ್ಣತಮ್ಮಂದಿರು ಮೂರು ಬಗೆಯ ಯುದ್ಧಕ್ಕೆ ನಿಂತರು, ಗೆದ್ದವನೇ ರಾಜ್ಯ ಬಿಟ್ಟು ನಡೆದ ಎಂಬ ಕಥೆಯನ್ನು ಮನೆಯಲ್ಲಿ ಹೇಳದಿದ್ದದ್ದು ದೊಡ್ಡವರ ತಪ್ಪು.

ಮಂಡ್ಯದಲ್ಲಿ ಗಲಾಟೆಯಿಲ್ಲದೆ ಚಿತ್ರ ನಿಂತದ್ದು ಒಳ್ಳೆಯದೇ. ಆದರೆ ಪ್ರತಿ ಬಾರಿ ಹಿರಿಯರೊಬ್ಬರು ಕರೆದು ಬುದ್ಧಿ ಹೇಳಲಿ ಎಂದು ಕಾಯುವಂತಾಗಬಾರದು. ಆಧಾರವೇನು ಎಂದು ಕೇಳುವ ಅಭ್ಯಾಸ ಪ್ರೇಕ್ಷಕನಿಗೇ ಬರಬೇಕು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅರೆತಿಪ್ಪೂರಿಗೆ, ಶ್ರೀರಂಗಪಟ್ಟಣಕ್ಕೆ, ಬೆಂಗಳೂರಿನ ಆತಕೂರು ಕಲ್ಲಿನ ಬಳಿಗೆ ಕರೆದೊಯ್ದರೆ ಈ ಅಭ್ಯಾಸಕ್ಕೆ ನಾಂದಿಯಾಗುತ್ತದೆ. ಇದು ಸಂಘಸಂಸ್ಥೆಗಳ ಕೈಯಲ್ಲಿ ಆಗುವ ಕೆಲಸ, ಒಂದು ಬಸ್ಸಿನ ಖರ್ಚು ಅಷ್ಟೆ.